ಭಾವ ನೆನೆಹಾಕಿದ ಭತ್ತ, ನಾನು ಬಚ್ಚಿಟ್ಟ ತಾರೀಖು

“ನೀರೆಲ್ಲಲಾ?”

ಕಳೆದ ಸೋಮವಾರ ಬೆಳಿಗ್ಗೆ ಫೋನ್ ಎತ್ತಿದ ಕೂಡಲೇ ನನ್ನ ಭಾವ ಕೇಳಿದ ಪ್ರಶ್ನೆ ಇದು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. ಭಾವ ಅಂದರೆ ಅಕ್ಕನ ಗಂಡ. ಪಾಂಡವಪುರದ ಹತ್ತಿರ ನಾಲೆ ಬಯಲಿನಲ್ಲಿ ಗದ್ದೆ ಮಾಡಿಕೊಂಡಿದ್ದಾರೆ.

“ಯಾವ ನೀರು ಭಾವ?”

“ನೀನೇ ಬರ್ದಿದ್ದೀಯಲ್ಲಪ್ಪ, ನಾಳೆಯಿಂದ ನಾಲೆಗೆ ನೀರು ಅಂತವ. ಶನಿವಾರ ಓದ್ದೆ, ಅವತ್ತೇ ಬತ್ತ ನೆನೆಯಾಕ್ದೆ. ಈಗ ಮೊಳ್ಕೆ ಬಂದದೆ. ನಾಲೇಲಿ ನೋಡುದ್ರೆ ನಾಯಿ ಮನಗದೆ!”

ನಾನು ಅಂಥ ಸುದ್ದಿ ಬರೆದಿರಲಿಲ್ಲ. ಅಂದರೆ, ಈ ವರ್ಷ ಬರೆದಿರಲಿಲ್ಲ.

ಲಿಂಕ್ ಕಳಿಸಿ ಅಂದೆ. ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನು ಭಾವ ನನಗೇ ಫಾರ್ವರ್ಡ್ ಮಾಡಿದರು. ನಮ್ಮದೇ ವೆಬ್‌ಸೈಟು, ನನ್ನದೇ ಹೆಸರು, ನನ್ನದೇ ಹೆಡ್‌ಲೈನು: ‘ರೈತರಿಗೆ ಸಿಹಿ ಸುದ್ದಿ: ನಾಳೆಯಿಂದಲೇ ನಾಲೆಗೆ ನೀರು!’ ತಾರೀಖು? ಸುದ್ದಿ ಮುಗಿದು, ‘ಇದನ್ನೂ ಓದಿ’ ಮುಗಿದು, ಯಾವುದೋ ನಟಿಯ ಮದುವೆ ಫೋಟೊಗಳೆಲ್ಲ ಮುಗಿದ ಮೇಲೆ, ಇರುವೆ ಗಾತ್ರದ ಬೂದು ಅಕ್ಷರದಲ್ಲಿತ್ತು. ಎರಡು ವರ್ಷ ಹಳೆಯದು.

ತಾರೀಖನ್ನು ಅಷ್ಟು ಕೆಳಗೆ ಬಚ್ಚಿಟ್ಟ ಮಹಾನುಭಾವ ಯಾರು? (ನಿಮ್ಮ ಊಹೆ ಸರಿ.)

ಕೆ.ಆರ್. ಪೇಟೆಯಲ್ಲಿ ಪತ್ರಿಕೆಗೆ ವರದಿ ಮಾಡುತ್ತಿದ್ದ ಕಾಲದಲ್ಲಿ ನಾನು ಸುದ್ದಿಯನ್ನು ಕವರಿಗೆ ಹಾಕಿ ಮೈಸೂರು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ಚೌಕಾಸಿ ನನ್ನ ಹುಟ್ಟುಗುಣ. ಡ್ರೈವರ್ ಜೊತೆ ಒಂದು ಟೀಗೆ ವ್ಯವಹಾರ ಮುಗಿಯುತ್ತಿತ್ತು. ಡೆಸ್ಕಿನವರ ಜೊತೆ, “ಸಾರ್, ಫೋಟೊ ಬೇಕಾದ್ರೆ ಬಿಡಿ, ಎರಡು ಕಾಲಂ ಕೊಡಿ” ಎಂದು ಹಟ. ಹೇಳಿಕೊಳ್ಳುವ ಓದಿಲ್ಲದೆ, ಹೇಳುವವರಿಲ್ಲದೆ ಹೀಗೇ ಕೊಸರಾಡಿ ಮೇಲೆ ಬಂದವನು ನಾನು. ಹಾಗಾಗಿ ಪತ್ರಿಕೆಯ ಪುಟಗಳು ಕರಗಿ, ‘ಡಿಜಿಟಲ್‌ಗೆ ಬನ್ನಿ’ ಎಂದಾಗ ಉಳಿದವರು ಅತ್ತರು. ನಾನು ಲ್ಯಾಪ್‌ಟಾಪ್ ಕೊಂಡು ಶ್ರೀರಂಗಪಟ್ಟಣದ ಮನೆಯಲ್ಲಿ ಎಡಿಟರ್ ಆಗಿ ಕುಳಿತೆ.

ಮೊದಲ ಮೀಟಿಂಗಿನಲ್ಲೇ ಸಲಹೆ ಕೊಟ್ಟೆ. (ಕೇಳಿದ್ದರಾ? ಯಾರೂ ಕೇಳಿರಲಿಲ್ಲ.) “ತಾರೀಖು ಮೇಲಿದ್ದರೆ ಸುದ್ದಿ ಒಂದೇ ದಿನಕ್ಕೆ ಹಳಸುತ್ತೆ. ಕೆಳಗೆ ಹಾಕಿ. ಹೆಡ್‌ಲೈನಲ್ಲಿ ‘ನಾಳೆ’ ಅನ್ನಿ. ನಾಳೆಗೆ ಯಾವತ್ತೂ ವಯಸ್ಸಾಗಲ್ಲ!” ಚಪ್ಪಾಳೆ ಬಿತ್ತು. ಒಂದು ಕಾಫಿ ಮಗ್ ಬಹುಮಾನವೂ ಬಂತು.

ಹಳೇ ಪತ್ರಿಕೆಗೆ ಸಾಯುವ ಮರ್ಯಾದೆಯಾದರೂ ಇತ್ತು. ಮಾರನೇ ದಿನ ಬಜ್ಜಿ ಕಟ್ಟಲು ಹೋಗುತ್ತಿತ್ತು. ಬಜ್ಜಿ ಕಟ್ಟಿದ ಪೇಪರ್ ಓದಿ ಯಾರಾದರೂ ಭತ್ತ ನೆನೆಹಾಕಿದ್ದನ್ನು ಕೇಳಿದ್ದೀರಾ?

ಭಾವನ ಫೋನ್ ಬಂದಾಗ ನಾನು ಮಾಡಿದ ಮೊದಲ ಕೆಲಸ ಹೆಡ್‌ಲೈನ್ ಎಡಿಟ್ ಮಾಡಿದ್ದು. ಎರಡು ನಿಮಿಷ. ಆನಂತರ ಸ್ಕೂಟರ್ ಹತ್ತಿ ಭಾವನ ಊರಿಗೆ ಹೋದೆ. ಕೊಟ್ಟಿಗೆಯಲ್ಲಿ ಹುಲ್ಲಿನಡಿ ಗೋಣಿಚೀಲ, ಮೇಲೆ ಕಲ್ಲು. ಅಕ್ಕ ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಬೆಚ್ಚಗಿನ ಹಬೆ, ಪ್ರತಿ ಕಾಳಿಗೂ ಬಿಳಿ ಮೂತಿ. ಭಾವನ ಬೂಕನಕೆರೆ ಸ್ನೇಹಿತರೊಬ್ಬರು ತಮ್ಮ ಪಾಲಿನಲ್ಲಿ ಉಳಿಸಿ ಕೊಟ್ಟಿದ್ದ ಬೀಜ. ಈ ಸಲ ಮತ್ತೆ ಸಿಗುವುದಿಲ್ಲ. ನಾಳೆಯೊಳಗೆ ಸಸಿ ಮಡಿಗೆ ಚೆಲ್ಲದಿದ್ದರೆ ಎಲ್ಲ ಕೊಳೆತು ಹೋಗುತ್ತದೆ. ಮಡಿ ಕೆಸರು ಮಾಡಲು ನೀರು ಬೇಕು.

“ನಿನ್ ಎಸ್ರು ನೋಡಿ ನಂಬ್ಬುಟ್ರು ಕಣಪ್ಪ” ಅಂದಳು ಅಕ್ಕ. “ಬ್ಯಾರೆ ಯಾರಾರ ಬರ್ದಿದ್ರೆ ಇಂಜಿನಿಯರಾಪೀಸ್ಗೆ ಒಂದ್ ಪೋನ್ ಮಾಡಿ ಕೇಳೋರು.”

ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಗದ್ದೆಯ ಜವರಣ್ಣನವರ ಹತ್ತಿರ ಬೋರ್‌ವೆಲ್ ಇದೆ. ಚೌಕಾಸಿ ನನ್ನ ಕ್ಷೇತ್ರವಲ್ಲವೇ? ಹೊರಟೆ, ಎರಡು ವರ್ಷದ ಹಳೇ ಸುದ್ದಿಯ ಕತೆ ಹೇಳಿ ವ್ಯವಹಾರಕ್ಕಿಳಿದೆ.

“ಜವರಣ್ಣ, ಭಾವನ ಒಟ್ಲು ಮಡಿಗೆ ನೀರು ಬಿಡಿ. ನಿಮ್ಮ ಮೇಲೆ ಒಂದು ಸ್ಟೋರಿ ಮಾಡ್ತೀನಿ. ಮಾದರಿ ರೈತ ಅಂತ. ಫೋಟೊ ಸಮೇತ.”

“ಬ್ಯಾಡ ಕಣಪ್ಪೋ. ನಾನ್ ಸತ್ತು ತಿಥಿ ಆದ್ಮೇಲೂ ‘ನಾಳೆ ಜವರಣ್ಣನ ಗದ್ದೆ ನೋಡ್ಬನ್ನಿ’ ಅಂತವ ಜನ ಬರ್ತಾನೇ ಇರ್ತರೆ.”

ನೀರು ಬಿಡಲು ಒಪ್ಪಿದರು. ಆದರೆ ಒಂದು ಷರತ್ತು.

“ನಿಮ್ ಭಾವ, ಸರ್ಕಾರದೋರೇ ಮಾತ್ ತಪ್ಪುದ್ರು, ನಮ್ ಭಾಮೈದ ಸುಳ್ ಬರ್ಯಾಕಿಲ್ಲ ಅಂತ ಊರೆಲ್ಲ ಯೋಳ್ಕಂಡ್ ತಿರುಗ್ತಾವ್ನೆ. ಅವ್ನ್ ಮಾತ್ ಕೇಳ್ಕಂಡು, ಇವತ್ತಲ್ದಿದ್ರೆ ನಾಳೆ ನೀರ್ ಬರ್ತದೆ ಅಂತವ ಇನ್ನೂ ನಾಕ್ ಮನೇವ್ರು ಬತ್ತ ನೆನೆಯಾಕಕ್ಕೆ ಕುಂತವ್ರೆ. ಸಂಜೆ ಡೈರಿ ತಾವ ಬಂದು, ತಪ್ಪು ನಂದು ಅಂತ ಎಲ್ರ ಮುಂದೆ ಯೋಳ್ಬುಡು.”

ವಾಟ್ಸಾಪ್ ಗ್ರೂಪಿಗೆ ಹಾಕಲೇ? “ಊಹೂಂ.” ಡೈರಿ ಬೋರ್ಡಿನ ಮೇಲೆ ಬರೆಯಲೇ? “ಬಾಯಲ್ಲಿ ಯೋಳ್ಲಾ!” ಪತ್ರಿಕೆಯಲ್ಲಿದ್ದಾಗ ನಮ್ಮ ತಪ್ಪುಗಳನ್ನು ಐದನೇ ಪುಟದ ಮೂಲೆಯಲ್ಲಿ, ಶ್ರದ್ಧಾಂಜಲಿ ಜಾಹೀರಾತಿನ ಕೆಳಗೆ ಹೂಳುತ್ತಿದ್ದೆವು. ಜವರಣ್ಣನ ಹತ್ತಿರ ಐದನೇ ಪುಟವೇ ಇರಲಿಲ್ಲ.

ಸಂಜೆ ಹೋದೆ. ಕ್ಯಾನು ಹಿಡಿದು ಸಾಲಾಗಿ ನಿಂತವರು. ಕಾರ್ಯದರ್ಶಿ ಒಬ್ಬೊಬ್ಬರ ಹಾಲಿಗೂ ಕಡ್ಡಿ ಬಿಟ್ಟು ಡಿಗ್ರಿ ನೋಡುತ್ತಿದ್ದರು. (ನೀರು ಬೆರೆಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸುದ್ದಿಗೆ ಅಂಥ ಕಡ್ಡಿ ಇಲ್ಲದ್ದು ನನ್ನ ಪುಣ್ಯ.) ಸಾಲಿನ ಮುಂದೆ ನಿಂತು ಹೇಳಿದೆ: “ನಾಲೆ ನೀರಿನ ಸುದ್ದಿ ಹಳೇದು. ತಾರೀಖು ಕಾಣದ ಹಾಗೆ ಇಟ್ಟಿದ್ದು ನಾನು. ನಮ್ಮ ಭಾವಂದು ತಪ್ಪಿಲ್ಲ.”

ಭಾವ ತಲೆ ತಗ್ಗಿಸಿ ತಮ್ಮ ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತಾ ನಿಂತರು.

ಒಬ್ಬ ಅಜ್ಜಿ ಕೇಳಿದರು: “ಅಂಗಾರೆ ನೀರು ಯಾವತ್ ಬರ್ತದೆ ಮಗ?”

ನನಗೆ ಗೊತ್ತಿರಲಿಲ್ಲ! ಬೆಳಿಗ್ಗೆಯಿಂದ ಹೆಡ್‌ಲೈನ್ ತಿದ್ದಿದ್ದೆ, ಚೌಕಾಸಿ ಮಾಡಿದ್ದೆ, ತಪ್ಪೊಪ್ಪಿಕೊಂಡಿದ್ದೆ. ವಿಚಾರಿಸಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಬೇರೆಯವರ ಸುದ್ದಿಗೆ ಹೆಡ್‌ಲೈನ್ ಹಾಕಿ ಹಾಕಿ, ಫೋನ್ ಮಾಡಿ ಕೇಳುವುದೂ ಒಂದು ಕೆಲಸ ಅನ್ನುವುದೇ ಮರೆತುಹೋಗಿತ್ತು.

ಅಲ್ಲೇ ನೀರಾವರಿ ಇಂಜಿನಿಯರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಇನ್ನೂ ತೀರ್ಮಾನ ಆಗಿಲ್ಲ ಸಾರ್, ಸಭೆ ಆಗಬೇಕು. ಅಲ್ಲಾ, ಶನಿವಾರದಿಂದ ಊರೂರಿಂದ ಇದೇ ಫೋನು. ಯಾರೋ ಪುಣ್ಯಾತ್ಮ ‘ನಾಳೆಯಿಂದಲೇ’ ಅಂತ ಹಾಕಿಬಿಟ್ಟಿದ್ದಾನೆ. ನಿಮಗೇನಾದ್ರೂ ಗೊತ್ತಾ ಸಾರ್, ಯಾರು ಅಂತ?”

ಡೈರಿ ಮುಂದೆ ನಕ್ಕ ನಗುವಿಗೆ ಹಸುಗಳು ಬೆದರಿರಬೇಕು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. “ಯೋಳ್ಲಾ, ಗೊತ್ತು ಅನ್ನು!”

ಜವರಣ್ಣ ಮಾತಿನಂತೆ ಮೋಟರ್ ಹಾಕಿದರು. ಮಂಗಳವಾರ ಭತ್ತ ಚೆಲ್ಲಿದ್ದಾಯಿತು. ಈಗ ಸಸಿ ಹಸಿರಾಗಿ ನಿಂತಿದೆಯಂತೆ. ಆದರೆ ಅದು ಮಡಿ ಮಾತ್ರ. ಗದ್ದೆ ಪೂರಾ ನಾಟಿ ಮಾಡಲು ನಾಲೆಯೇ ಹರಿಯಬೇಕು. ಹೆಚ್ಚೆಂದರೆ ಒಂದು ತಿಂಗಳು ಕಾಯಬಹುದು, ಆಮೇಲೆ ಸಸಿ ಬಲಿತುಬಿಡುತ್ತದೆ. ದೇವಲಾಪುರದ ಕಡೆಯ ಹೊಲದವರೇ ವಾಸಿ. ರಾಗಿ ಚೆಲ್ಲಿ ಮೋಡ ನೋಡುತ್ತಾರೆ. ಮೋಡಕ್ಕೆ ಲಿಂಕ್ ಇಲ್ಲ.

ಈಗ ದಿನಾ ಬೆಳಿಗ್ಗೆ ಇಂಜಿನಿಯರ್‌ಗೆ ಫೋನ್ ಮಾಡುತ್ತೇನೆ. ಅವರು ಅಂದದ್ದನ್ನು ಎರಡು ಸಾಲಿನಲ್ಲಿ ಬರೆದು, ತಲೆಯ ಮೇಲೆ ದಪ್ಪಕ್ಷರದಲ್ಲಿ ತಾರೀಖು ಹಾಕಿ ಸೈಟಿಗೆ ಏರಿಸುತ್ತೇನೆ. ‘ನಾಲೆ ನೀರು: ಇನ್ನೂ ಗೊತ್ತಿಲ್ಲ.’ ಮರುದಿನವೂ ಅದೇ. ಅದರ ಮರುದಿನವೂ ಅದೇ. ಆಫೀಸಿನವರು ಫೋನ್ ಮಾಡಿ, “ಸಾರ್, ಹುಷಾರಾಗಿದ್ದೀರಾ?” ಎಂದು ವಿಚಾರಿಸಿಕೊಂಡರು.

ಸಲಹೆ ಕೊಡುವುದು ನನ್ನ ಚಟ ಅಂತ ನಿಮಗೆ ಗೊತ್ತು. ಈ ವಾರ ಸಲಹೆ ಇಲ್ಲ, ಬರೀ ಒಂದು ಪ್ರಶ್ನೆ.

‘ಇನ್ನೂ ಗೊತ್ತಿಲ್ಲ’ ಅನ್ನುವ ಸುದ್ದಿಯನ್ನು ಕ್ಲಿಕ್ ಮಾಡಿ ಓದುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ, ನಿಜ ಹೇಳಿ?