ಮುಳುಗುವ ಗೋಪುರದ ಊರಿನವನು

ಮೊನ್ನೆ ಮತ್ತಿಗಿರಿಯಲ್ಲಿರುವ ತಂಗಿಯ ಮನೆಗೆ ಹೋದಾಗ ಬೆಳ್ಳುಳ್ಳಿ ಹುರಿಯುವ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ತಕ್ಷಣ ಲವಾಗ್ ನೆನಪಾಯಿತು. ನಾನು ಆ ಊರನ್ನು ಕಂಡವನಲ್ಲ. ಆದರೂ ಅದರ ಚರಿತ್ರೆಯನ್ನು ನನ್ನಷ್ಟು ಅನುಭವಿಸಿದವರು ಯಾರೂ ಇರಲಾರರು.

ಕೃಷ್ಣಗಿರಿ ಹೊಸದಾಗಿ ಜಿಲ್ಲಾ ಕೇಂದ್ರವಾಗಿ, ಹೊಸೂರಿನವರಾದ ನಾವು ಹೊಟ್ಟೆ ಉರಿದುಕೊಳ್ಳುತ್ತಿದ್ದ ಕಾಲ ಅದು. ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಫಿಲಿಪೈನ್ಸಿನಿಂದ ಬಂದ ರಾಮೋನ್ ನಮ್ಮ ಮಹಡಿಗೆ ಬಾಡಿಗೆಗೆ ಬಂದ. ಅವನ ಲವಾಗ್ ಕೂಡ ಒಂದು ಪ್ರಾಂತ್ಯದ ರಾಜಧಾನಿಯಂತೆ. ಸಂಜೆಯಾದರೆ ಸಾಕು, ನನ್ನ ಕಾಫಿ ಆರುವವರೆಗೂ ಅದೇ ಪುರಾಣ, ಹರಕು ಇಂಗ್ಲಿಷು, ಮುರುಕು ತಮಿಳಿನಲ್ಲಿ. ಲವಾಗ್ ಅಂದರೆ ಬೆಳಕು. ಬೆಳ್ಳುಳ್ಳಿಗೆ ಅವರ ಸೀಮೆಯೇ ಹೆಸರುವಾಸಿ. ಹಿಂದೆ ಅವರನ್ನು ಆಳುತ್ತಿದ್ದ ಸ್ಪೇನಿನವರು ಹೊಗೆಸೊಪ್ಪನ್ನೆಲ್ಲ ಸರ್ಕಾರಕ್ಕೇ ಮಾರಬೇಕೆಂದು ಕಾಡಿದರು. ಆ ಕಾಟ ತೊಲಗಿದ್ದಕ್ಕೆ ಊರಲ್ಲೊಂದು ಕಂಬ ನಿಂತಿದೆ. ಚರ್ಚು ಒಂದು ಕಡೆ, ಅದರ ಗಂಟೆ ಗೋಪುರ ರಸ್ತೆಯಾಚೆ ಇನ್ನೊಂದು ಕಡೆ. ಆ ಗೋಪುರ ಮರಳಿನಲ್ಲಿ ಇಳಿಯುತ್ತಲೇ ಇದೆ. ಹಿಂದೆ ಕುದುರೆ ಸವಾರ ನುಗ್ಗುತ್ತಿದ್ದ ಬಾಗಿಲಲ್ಲಿ ಈಗ ಬಗ್ಗಿ ಹೋಗಬೇಕು. ಇಳಿದರೆ ಇಳಿಯಲಿ, ನನಗೇನು? ನೀವೇ ಹೇಳಿ.

ಅವನಿಗೆ ತಾಳ ಹಾಕುತ್ತಿದ್ದವಳು ನನ್ನ ತಂಗಿ, ಅದೂ ಅಡುಗೆಮನೆಯೊಳಗಿನಿಂದಲೇ. ಗೋಪುರ ಎಷ್ಟು ಇಳಿಯಿತು ಎಂದು ನನ್ನ ಕೈಲಿ ಕೇಳಿಸುವಳು. ಕೆನ್ನೆಗೆ ತೊನ್ನು ಬಂದ ಮೇಲೆ, ಯಾರು ಬಂದರೂ ಸೆರಗೆಳೆದುಕೊಂಡು ಒಳಗೆ ಸರಿಯುತ್ತಿದ್ದಳು; ಬಾಗಿಲು ತೆರೆಯುವ ಕೆಲಸ ನನ್ನದು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ಸಂಜೆ ರಾಮೋನ್ ಅವಳ ಹೆಸರು ಕೇಳಿದ. ರೂಪಾ ಎಂದೆ. ಆ ಹೆಸರೇ ಅವಳನ್ನು ಹಂಗಿಸುವಂತಾಗಿತ್ತು. ಅದರ ಮೇಲೆ ಈ ಮಹಾನುಭಾವ ತನ್ನ ಕೆನ್ನೆ ತಟ್ಟಿಕೊಂಡು, ರೂಪಾ, ರೂಪಾ ಎನ್ನುತ್ತಾ ನಗಬೇಕೆ! ನನಗೆ ಮೈಯೆಲ್ಲ ಉರಿದುಹೋಯಿತು. ನಾಳೆಯೇ ಮನೆ ಖಾಲಿ ಮಾಡು ಎಂದು ಎದ್ದು ನಿಂತೆ. ಅವನು ತಬ್ಬಿಬ್ಬಾಗಿ, ನಮ್ಮೂರ ಭಾಷೆಯಲ್ಲಿ ಮುಖಕ್ಕೆ ರೂಪ ಅಂತಲೇ ಅನ್ನುವುದು, ಇದೂ ರೂಪ, ನಿಮ್ಮದೂ ರೂಪ ಎಂದು ಬಡಬಡಿಸಿದ. ನಾನು ನಂಬಲಿಲ್ಲ.

ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೈಯಲ್ಲೇ ಹಿಡಿದು ರೂಪಾ ಹೊರಗೆ ಬಂದಳು. ಸೆರಗು ಹೆಗಲ ಮೇಲೇ ಇತ್ತು.

"ಅವ್ರ ಊರಲ್ಲಿ ಎಲ್ರ ಮಕಕ್ಕೂ ನನ್ ಹೆಸ್ರೇ ಅಂತೆ ಕಣಣ್ಣ. ನೀನು ಸುಮ್ಕೆ ಕುಂತ್ಕೊ," ಎಂದಳು. ಆಮೇಲೆ ಗೋಪುರದ ವಿಚಾರವನ್ನು ಅವನನ್ನೇ ಕೇಳಿದಳು. ಅವತ್ತೂ ನನ್ನ ಕಾಫಿ ಆರಿಹೋಯಿತು.

ಮೊನ್ನೆ ಊಟಕ್ಕೆ ಕುಳಿತಾಗ ಆ ಗೋಪುರದ ಸುದ್ದಿ ತೆಗೆದವನು ನಾನೇ. ರಾಮೋನನ ಹಾಗೆ ನೀನೂ ಶುರು ಮಾಡಿದೆಯಾ ಎಂದು ಅವಳು ರೇಗಿದಳು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅವಳ ತೊನ್ನು ಈಗ ಹಣೆಯವರೆಗೂ ಹಬ್ಬಿದೆ. ಹಳೆಯ ಅಭ್ಯಾಸ, ನಾನು ಎಂಜಲು ಕೈಯಲ್ಲೇ ಏಳಹೋದೆ. ಅವಳು ನನ್ನನ್ನು ಕೂರಿಸಿ, ತಾನೇ ಹೋಗಿ ಬಾಗಿಲು ತೆರೆದಳು.