ಹುಣಸೆಹಣ್ಣಿನಲ್ಲಿ ತೊಳೆದ ಕಡಲ ಬಾಟಲಿ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಹಡಗಿನ ಮೇಲೆ ದುಡಿದು ಬಂದವರು ಸುಬ್ಬರಾಯಪ್ಪನವರೊಬ್ಬರೇ. ಪಡುವಣ ಕರಾವಳಿಯ ಕಡಲ ವಿಜ್ಞಾನ ಸಂಸ್ಥೆಯೊಂದರಲ್ಲಿ ಅವರು ಸಹಾಯಕರಾಗಿದ್ದರು. ಆಳದ ನೀರನ್ನು ಹಿಡಿದು ತರುವ ಹಿತ್ತಾಳೆ ಬಾಟಲಿಗಳನ್ನು ಉಕ್ಕಿನ ತಂತಿಗೆ ಸಿಕ್ಕಿಸಿ ಇಳಿಬಿಡುವುದು ಅವರ ಕೆಲಸ. ಬಾಟಲಿ ಎಂದರೆ ಮೊಳಕ್ಕಿಂತ ಉದ್ದದ ಕೊಳವೆ. ತಂತಿಯ ಮೇಲೆ ಒಂದು ತೂಕದ ಗುಂಡನ್ನು ಜಾರಿಸಿಬಿಟ್ಟರೆ ಅದು ಹೋಗಿ ಬಾಟಲಿಗೆ ಬಡಿಯುತ್ತದೆ. ಕೊಳವೆ ಮಗುಚಿಕೊಂಡು ಆ ಆಳದ ನೀರನ್ನು ಒಳಗೇ ಮುಚ್ಚಿಕೊಳ್ಳುತ್ತದೆ. ವಿಜ್ಞಾನಿಗಳು ಆ ನೀರಿನ ಉಪ್ಪನ್ನೂ ಶಾಖವನ್ನೂ ಅಳೆದು ಪ್ರಬಂಧ ಬರೆದರು. ಅವುಗಳಲ್ಲಿ ಸುಬ್ಬರಾಯಪ್ಪನವರ ಹೆಸರಿಲ್ಲ. ಇರಬೇಕಿತ್ತೆಂದು ಅವರನ್ನು ಬಿಟ್ಟು ಬೇರೆ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ನಿವೃತ್ತಿಯ ಹೊತ್ತಿಗೆ ಆ ಬಾಟಲಿಗಳು ಹಳೆಯ ಸಾಮಾನಾಗಿದ್ದವು. ಅವರು ಕೇಳಿ ಒಂದನ್ನು ಪಡೆದು ತಂದರು. ಅದು ನಡುಮನೆಯ ಮೊಳೆಗೆ ನೇತುಬಿದ್ದು ಕಪ್ಪಾಯಿತು. ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲುಗಳ ಜೊತೆ ಅದಕ್ಕೂ ಕುಂಕುಮ ಬೀಳುತ್ತಿತ್ತು.

ಈ ವರ್ಷ ಆ ಸಂಸ್ಥೆ ತನ್ನ ಇತಿಹಾಸದ ಸಂಗ್ರಹವೊಂದನ್ನು ಕಟ್ಟಲು ಹೊರಟಿತು. ಹಳೆಯ ನಕ್ಷೆ, ಫೋಟೋ, ಉಪಕರಣ, ಹಡಗಿನಲ್ಲಿದ್ದವರ ಮಾತು, ಎಲ್ಲವನ್ನೂ ಕೂಡಿಸಿಡುವ ಕೆಲಸ. ಅದಕ್ಕಾಗಿ ನೇಮಕವಾದ ಅರ್ಪಿತ ಮಾಲೂರಿನ ಹುಡುಗಿ. ಅವಳೇ ಫೋನು ಮಾಡಿ ಬಾಟಲಿಯನ್ನು ಸಂಗ್ರಹಕ್ಕೆ ಕೇಳಿದಳು.

"ತಾತ, ಅದ್ರ ಮೇಲೆ ಬಿಳಿ ಪೇಂಟಲ್ಲಿ ಏನಾದ್ರೂ ಬರ್ದಿದ್ಯಾ?"

"ಇದ್ಯಮ್ಮ. ಕಿಲುಬು ಹತ್ಕೊಂಡಿದೆ, ನಮ್ ಕಣ್ಣಿಗೆ ಕಾಣಲ್ಲ."

"ಹಂಗೇ ಇರ್ಲಿ. ತೊಳೀಬೇಡಿ, ಒರೆಸ್ಲೂಬೇಡಿ. ನಾವು ಬಂದು ನೋಡ್ತೀವಿ."

ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಸುಬ್ಬರಾಯಪ್ಪನವರಿಗೂ ಅರ್ಥವಾಗಿತ್ತು. ಆದರೆ ಅವಳು ಬರುವ ಹಿಂದಿನ ದಿನ ಬಾಟಲಿಯನ್ನು ಇಳಿಸಿ ಅಂಗಳದ ಬಿಸಿಲಿನಲ್ಲಿ ನೋಡಿದಾಗ ಅವರಿಗೆ ನಾಚಿಕೆಯಾಯಿತು. ನಮ್ಮ ಕಡೆ ಮನೆಯಿಂದ ಹೊರಗೆ ಹೋಗುವ ಹಿತ್ತಾಳೆ ಹೊಳೆಯಬೇಕು. ಮಗಳ ಮನೆಗೆ ಒಂದು ಚೊಂಬು ಕೊಟ್ಟರೂ ಬೆಳಗಿಯೇ ಕೊಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ತಮ್ಮ ಹೆಸರಿನ ಕೆಳಗೆ ಈ ಕಪ್ಪು ಕೊಳವೆ ಇರುವುದನ್ನು ಅವರು ಮನಸ್ಸಿನಲ್ಲೇ ಕಂಡರು.

"ಲೇ, ಇದನ್ನ ಹುಣಸೆಹಣ್ಣು ಹಾಕಿ ಉಜ್ಜು" ಎಂದರು ಹೆಂಡತಿಗೆ.

ಚಿಕ್ಕಗಂಗಮ್ಮನವರು ಮುಟ್ಟಲಿಲ್ಲ. "ಆ ಹುಡ್ಗಿ ಬೇಡ ಅಂದ್ಳಂತಲ್ಲ."

"ಅವ್ಳಿಗೇನ್ ಗೊತ್ತು? ಹಡಗಲ್ಲಿದ್ದೋನು ನಾನು. ಉಜ್ಜು ಅಂದ್ರೆ ಉಜ್ಜು."

ಚಿಕ್ಕಗಂಗಮ್ಮನವರು ಉಜ್ಜಿದರು. ಹುಣಸೆಹಣ್ಣು, ಉಪ್ಪು, ಮೇಲೆ ರಂಗೋಲಿ ಪುಡಿ. ಸಂಜೆಗೆ ಬಾಟಲಿ ದೇವರ ದೀಪದ ಹಾಗಿತ್ತು.

ಮರುದಿನ ಅರ್ಪಿತ ಬಂದಳು. ನೋಡಲೆಂದು ನೆರೆಯ ಅಮರನಾಥ್ ಕೂಡ ಬಂದು ಕೂತ. ಡೇರಿಯ ಕಾರ್ಯದರ್ಶಿ, ಊರಿನ ಸುದ್ದಿಯೆಲ್ಲ ಅವನ ಬಾಯಲ್ಲೇ ಹಾದುಹೋಗಬೇಕು.

"ಏಮಣ್ಣಾ, ನಮ್ ಕೆರೆ ಆಳ ಎಷ್ಟು ಅಂತ ಒಂದಿನಾ ನೋಡ್ಲಿಲ್ಲ, ಅರಬ್ಬಿ ಸಮುದ್ರ ಅಳೆದುಬಿಟ್ಟೆ" ಎಂದು ನಕ್ಕ.

ಸುಬ್ಬರಾಯಪ್ಪನವರು ಬಾಟಲಿಗೆ ಹೊದಿಸಿದ್ದ ಬಟ್ಟೆ ತೆಗೆದರು. ಅರ್ಪಿತ ಬಾಟಲಿಯನ್ನು ಕೈಗೆತ್ತಿಕೊಂಡು ಸುತ್ತ ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು.

"ನಂಬರ್ ಎಲ್ಲಿ ತಾತ?"

ಅವರು ಬಗ್ಗಿ ನೋಡಿದರು, ಬಿಳಿ ಪೇಂಟು ಎಲ್ಲೂ ಇರಲಿಲ್ಲ. ಅವಳು ಮೆಲ್ಲಗೆ ವಿವರಿಸಿದಳು. ಆ ಯಾತ್ರೆಗಳ ಅಳತೆಗಳೆಲ್ಲ ಸಂಸ್ಥೆಯಲ್ಲಿವೆ, ಬಾಟಲಿಯ ನಂಬರಿನ ಪ್ರಕಾರ. ನಂಬರಿದ್ದಿದ್ದರೆ ಇದು ಯಾವ ವರ್ಷ, ಎಲ್ಲಿ, ಎಷ್ಟು ಆಳಕ್ಕೆ ಇಳಿದಿತ್ತೆಂದು ಹೇಳಬಹುದಿತ್ತು. "ಈಗ ಇದು ಬರೀ ಹಿತ್ತಾಳೆ ತಾತ. ಯಾರು ತೊಳೆದಿದ್ದು?"

ಚಿಕ್ಕಗಂಗಮ್ಮನವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇನ್ಯಾರಮ್ಮ, ನಮ್ಮನೆಯೋಳು" ಎಂದರು ಸುಬ್ಬರಾಯಪ್ಪನವರು. "ಹೆಂಗಸ್ರಿಗೆ ಇದೆಲ್ಲ ಏನ್ ಗೊತ್ತಾಗ್ತದೆ."

ಅಮರನಾಥ್ ತೊಡೆ ತಟ್ಟಿಕೊಂಡ. "ಅಕ್ಕ, ಸಮುದ್ರಾನೇ ಉಜ್ಜಿ ಬೋರಲು ಹಾಕಿದ್ಯಲ್ಲಕ್ಕಾ."

ಚಿಕ್ಕಗಂಗಮ್ಮನವರು ಲೋಟಗಳನ್ನು ಇಟ್ಟು ಒಳಗೆ ಹೋದರು.

ವಸ್ತು ಯಾವ ಸ್ಥಿತಿಯಲ್ಲಿ ಬಂತು, ಏಕೆ ಹಾಗಿದೆ ಎನ್ನುವುದನ್ನು ಸಂಗ್ರಹದವರು ಬರೆದುಕೊಳ್ಳಲೇಬೇಕು. ಅರ್ಪಿತ ಬರೆದು ಓದಿ ಹೇಳಿದಳು: ದಾನಿಯ ಪತ್ನಿ ಚಿಕ್ಕಗಂಗಮ್ಮ ತೊಳೆದುದರಿಂದ ಗುರುತು ಅಳಿಸಿದೆ. "ಸರಿ ಇದ್ಯಾ ತಾತ? ಇದು ಬಾಟ್ಲಿ ಜೊತೆ ಯಾವಾಗ್ಲೂ ಇರುತ್ತೆ."

"ಸರಿ" ಎಂದರು.

ನಲವತ್ತು ವರ್ಷ ಮನೆ, ಹೊಲ, ಅತ್ತೆಮಾವಂದಿರನ್ನು ಒಬ್ಬರೇ ನೋಡಿಕೊಂಡು ಗಂಡನನ್ನು ಕಡಲಿಗೆ ಕಳಿಸಿದ ಹೆಂಗಸು ಆಕೆ. ಕಡಲಿನ ಇತಿಹಾಸದಲ್ಲಿ ಆಕೆಯ ಹೆಸರು ಬರುವುದು ಅದೊಂದೇ ಕಡೆ, ಹಾಳು ಮಾಡಿದವಳೆಂದು.

ಅರ್ಪಿತ ಕಾರು ಹತ್ತುವಾಗ ಸುಬ್ಬರಾಯಪ್ಪನವರಿಂದ ತಡೆಯಲಾಗಲಿಲ್ಲ. ಕಿಟಕಿಗೆ ಬಗ್ಗಿ, "ಆ ಸಾಲನ್ನ ಹೊಡೆದು ಹಾಕಮ್ಮ. ಅವ್ಳು ಬೇಡ ಅಂದ್ಳು. ಉಜ್ಜು ಅಂದಿದ್ದು ನಾನು" ಎಂದರು. ಅರ್ಪಿತ ಅವರ ಮುಖವನ್ನೇ ನೋಡಿದಳು. ಸಾಲನ್ನು ತಿದ್ದಿ ತೋರಿಸಿ ಹೊರಟಳು.

ಒಳಗೆ ಬಂದು ಹೆಂಡತಿಗೆ ಹೇಳಿದರು. ಆಕೆ ಅಕ್ಕಿ ಆರಿಸುತ್ತಿದ್ದರು.

"ಆ ಹುಡ್ಗಿ ಇನ್ನು ಈ ಊರಿಗೆ ಬರಲ್ಲ. ಡೇರಿ ಹತ್ರ ದಿನಾ ಹೋಗೋಳು ನಾನು. ಅಮರನಾಥನಿಗೆ ಯಾವಾಗ ಹೇಳ್ತೀರ?"

ಸಂಜೆ ಸುಬ್ಬರಾಯಪ್ಪನವರು ಡೇರಿಗೆ ಹೋದರು. ಹಾಲು ಹಾಕಲು ಬಂದವರೆಲ್ಲ ಇದ್ದರು. ಅವರೆದುರಿಗೇ ಹೇಳಿದರು. ಅಮರನಾಥ್ ಅರ್ಧಕ್ಕೇ ತಡೆದ.

"ಪೋನೀ ಬಿಡಣ್ಣ. ಅಕ್ಕನ ತಪ್ಪು ಮುಚ್ಚೋಕೆ ನಿನ್ ಮೇಲೆ ಹಾಕ್ಕೊಂಡಿದ್ದೀಯ, ನಮ್ಗೆ ಗೊತ್ತಾಗಲ್ವಾ? ಇಂಥ ಗಂಡ ಯಾರಿಗಿದ್ದಾನೆ?"

ಸುತ್ತಲಿನವರು ಹೌದು ಹೌದು ಎಂದರು. ಬೈರಮ್ಮ ಎಂಬಾಕೆ ಕೈಮುಗಿದಳು. ಇನ್ನೊಮ್ಮೆ ಹೇಳಬೇಕಿತ್ತು, ಗಟ್ಟಿಯಾಗಿ. ಆದರೆ ಆ ಹೊಗಳಿಕೆ ಕಿವಿಗೆ ಬಿದ್ದ ಅರೆಗಳಿಗೆ ಅವರಿಗೆ ಹಿತವಾಯಿತು. ಅಷ್ಟರಲ್ಲಿ ಮಾತು ಹಾಲಿನ ಗಟ್ಟಿತನ ಅಳೆಯುವ ಡಿಗ್ರಿಗೆ ಹೊರಳಿತ್ತು.

ಮಾರನೆಯ ದಿನ ಚಿಕ್ಕಗಂಗಮ್ಮನವರು ಡೇರಿಯಿಂದ ಬಂದು ಖಾಲಿ ಕ್ಯಾನನ್ನು ಅವರ ಮುಂದೆ ಇಟ್ಟರು.

"ದೇವರಂಥ ಗಂಡ ಅಂತೆ. ಪುಣ್ಯ ಮಾಡಿದ್ದೀನಂತೆ."

"ಇನ್ಮೇಲೆ ಹಾಲು ನೀವೇ ಹಾಕ್ಬನ್ನಿ" ಎಂದು ಆಕೆ ಒಳಗೆ ಹೋದರು. ಅಂದಿನಿಂದ ಎರಡು ಹೊತ್ತೂ ಕ್ಯಾನು ಹೊರುವವರು ಸುಬ್ಬರಾಯಪ್ಪನವರೇ. ಡೇರಿಯ ಸಾಲಿನಲ್ಲಿ ಯಾರಾದರೂ ಆ ಮಾತೆತ್ತಿ ಹೊಗಳಿದರೆ, ತೊಳೆಯಲು ಹೇಳಿದ್ದು ತಾನೇ ಎನ್ನುತ್ತಾರೆ. ಯಾರೂ ನಂಬುವುದಿಲ್ಲ.