ಈನಕ್ ಪಾರ್ಜಿಟರನ ದ್ರಾಕ್ಷಿಬಳ್ಳಿ ದೀಪ

ಬರ್ಮಿಂಗ್‌ಹ್ಯಾಮಿನ ಹಿತ್ತಾಳೆ ಕಾರ್ಖಾನೆಯಲ್ಲಿ ಗ್ಯಾಸ್ ದೀಪಗಳಿಗೆ ಎಲೆ, ಹೂವು, ಬಳ್ಳಿ ಮಾಡಿ ಮಾಡಿ ಈನಕ್ ಪಾರ್ಜಿಟರನ ಕೂದಲು ನರೆಯಿತು. ಅವನ ಬಳ್ಳಿಗಳು ಸಿರಿವಂತರ ಊಟದ ಕೋಣೆಗಳಲ್ಲಿ ತೂಗುತ್ತಿದ್ದವು. ಅವನ ಮನೆಯಲ್ಲಿ ಉರಿಯುತ್ತಿದ್ದುದು ಮೇಣದ ಬತ್ತಿ. ಅದಕ್ಕವನಿಗೆ ಬೇಸರವಿರಲಿಲ್ಲ. ತನ್ನ ಕೈಯ ಒಂದು ದೀಪ ದೇವರ ಸನ್ನಿಧಿಯಲ್ಲಿ ತೂಗಬೇಕು, ಅದರ ಕೆಳಗೆ ಕೂತು ತಾನು ಹಾಡಬೇಕು, ಅದೊಂದೇ ಆಸೆ.

ಬೀದಿಯ ಪ್ರಾರ್ಥನಾಮಂದಿರಕ್ಕೆ ಗ್ಯಾಸ್ ಬಂದ ವರ್ಷ ಅದೂ ಕೈಗೂಡಿತು. ಬಿಡುವಿನಲ್ಲಿ ತೂಗುದೀಪ ಮಾಡಿ ಕಾಣಿಕೆ ಕೊಟ್ಟ. ಎಲೆಯ ಮೇಲೆ ಎಲೆ, ಗೊಂಚಲಿನ ಕೆಳಗೆ ಗೊಂಚಲು. ಒಂದೆಲೆ ಕಡಿಮೆಯಾದರೂ ದೇವರಿಗೆ ಕಡಿಮೆ ಮಾಡಿದಂತೆ ಎಂದು ಅವನ ಲೆಕ್ಕ.

ಗ್ಯಾಸಿನ ಜ್ವಾಲೆ ಮೇಲ್ಮುಖವಾಗಿ ಉರಿಯುವಂಥದು. ಚಾವಣಿಯ ಜೇಡರ ಬಲೆಯೂ ಎಲ್ಲರಿಗೂ ಸ್ಪಷ್ಟವಾಗಿ ಕಂಡಿತು. ಎಲೆಗಳ ನೆರಳೆಲ್ಲ ಕೆಳಗಿನ ಬೋಧನಾಪೀಠದ ಮೇಲೆ ಬಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ಪಾದ್ರಿ ಓಕ್ಲಿಯವರು ಭಾನುವಾರ ಸಂಜೆಯ ಬೋಧನೆಯನ್ನು ಬರೆದು ತಂದು ಓದುವವರು. ಅವರು ಮುಗಿಸುವಷ್ಟರಲ್ಲಿ ಬೀದಿಯ ಮನೆಮನೆಯಲ್ಲೂ ಒಲೆಯ ಮೇಲಿಟ್ಟ ಬಟಾಣಿ ಸಾರು ತಳ ಹಿಡಿದಿರುತ್ತಿತ್ತು. ಈಗ ಅವರು ಹಾಳೆಯನ್ನು ಅತ್ತ ವಾಲಿಸಿದರು, ಇತ್ತ ವಾಲಿಸಿದರು, ಕೊನೆಗೆ ನೆನಪಿದ್ದಷ್ಟು ಹೇಳಿ ಆಶೀರ್ವಾದ ಕೊಟ್ಟುಬಿಟ್ಟರು. ವಾರ ವಾರವೂ ಹೀಗೇ ಆಯಿತು. ಕಡೆಗೆ ಅವರು, ಇದನ್ನಿಳಿಸಿ ಸಾದಾ ದೀಪ ಹಾಕೋಣವೇ ಎಂದು ಸೌಮ್ಯವಾಗಿ ಸಭೆಯನ್ನು ಕೇಳಿದರು.

ಈನಕ್ ಜೇಬಿನಲ್ಲಿ ಹಿತ್ತಾಳೆ ಕೊಯ್ಯುವ ಪುಟ್ಟ ಗರಗಸವಿಟ್ಟುಕೊಂಡೇ ಬಂದಿದ್ದ. ದೀಪವೇ ಹೋಗುವುದಕ್ಕಿಂತ ಕುಂಟು ದೀಪವಾದರೂ ಉಳಿಯಲಿ ಎಂದು.

"ಕೆಳಗಿನ ಎಲೆಗಳನ್ನ ನಾನೇ ಕತ್ತರಿಸ್ತೀನಿ. ಇಳಿಸ್ಬೇಡಿ, ಅಷ್ಟೆ" ಅಂದ.

ಪಕ್ಕದ ಮನೆಯ ಜೇಬೆಜ್ ಟಾಂಕ್ಸ್ ಎದ್ದು ನಿಂತ. ಜನ್ಮದಲ್ಲಿ ಏನನ್ನೂ ಹೊಗಳಿದವನಲ್ಲ. "ಒಂದೆಲೇನೂ ಮುಟ್ಬೇಡ ಈನಕಣ್ಣ. ಈ ಸಭೆಗೆ ಇಷ್ಟು ಉಪಕಾರ ಮಾಡಿದ್ದು ಇನ್ನೊಂದಿಲ್ಲ."

ಪಾದ್ರಿಗಳದೊಂದು ಬಿಟ್ಟು ಎಲ್ಲರ ಕೈಗಳೂ ಮೇಲೆದ್ದವು. ಹೆಂಗಸರ ಕೈಗಳು ಮೊದಲು ಎದ್ದವು.

ದಾರಿಯುದ್ದಕ್ಕೂ ಈನಕ್ ಕಣ್ಣೊರೆಸಿಕೊಂಡ. ಮನೆಗೆ ಬಂದು ಹೆಂಡತಿ ಕೀಜಿಯಾಳಿಗೆ ಹೇಳಿದ: "ಇವರಿಗೆ ಕಲೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ ಕಣೇ. ತಪ್ಪು ತಿಳಿದಿದ್ದೆ."

ಕೀಜಿಯಾ ಪಾತ್ರೆಯ ಮುಚ್ಚಳ ತೆಗೆದಳು. ಸಾರು ತಳ ಹಿಡಿದಿರಲಿಲ್ಲ.

"ಋಣ ತೀರಿಸೋಕೆ ಇನ್ನೊಂದು ಗೊಂಚಲು ಸೇರಿಸ್ಲಾ ಅಂತ" ಎಂದ.

"ಸೇರಿಸ್ರೀ" ಅಂದಳು ಅವಳು, ಬಟ್ಟಲಿಗೆ ಬಡಿಸುತ್ತ. "ಪೀಠದ ಕಡೆಗೇ ಸೇರಿಸಿ."